ಉಳಿದ ಒಂದು ಕೈ: ಬಾಗಲಕೋಟೆಯ ಅರ್ಧ ಚಿತ್ರವೊಂದರ ಪ್ರಕರಣ

ಹೋದ ವರ್ಷ ಮಾರ್ಚ್ ಕೊನೆಗೆ ಬಾಗಲಕೋಟೆ ನವನಗರದ ಒಂದು ಮನೆಯಿಂದ ಫೋನ್ ಬಂತು. "ಸರ್, ನಮ್ಮನ್ಯಾಗ ಒಂದು ಹಳೇ ಪೇಂಟಿಂಗ್ ಸಿಕ್ಕೈತ್ರಿ. ಒಂದು ಕೈ ಅಷ್ಟ ಉಳದೈತಿ, ಅದನ್ನಷ್ಟು ಪೂರ್ತಿ ಮಾಡಿಕೊಡ್ರಿ." ಮೇ ತಿಂಗಳಲ್ಲಿ ಅವರ ಮಗನ ಮದುವೆ. ಅಷ್ಟರೊಳಗೆ ಚಿತ್ರಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಬೇಕು ಅಂತ ಆಸೆ. ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕ. ಬಿಡುವಿನಲ್ಲಿ ಭಾವಚಿತ್ರ ಬರೆದುಕೊಡುತ್ತೇನೆ. ಒಂದು ಕೈ ತಾನೇ, ಎರಡು ದಿನದ ಕೆಲಸ ಅಂದುಕೊಂಡು 12,000 ರೂಪಾಯಿಗೆ ಒಪ್ಪಿದೆ. 5,000 ಮುಂಗಡವನ್ನೂ ತೆಗೆದುಕೊಂಡೆ.

ಆ ಕೈಯನ್ನು ನಾನು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅನ್ನುವುದನ್ನು ಮೊದಲಿನಿಂದ ಬರೆದಿಡಬೇಕು ಅನ್ನಿಸಿತು. ನಮ್ಮ ಕಡೆ ಎಷ್ಟೋ ಮನೆಗಳ ಟ್ರಂಕಿನ ತಳದಲ್ಲಿ ಇಂಥ ಚಿತ್ರಗಳಿವೆ, ನನ್ನಂಥವರ ಕೈಗೆ ಅವು ಬರುತ್ತಲೇ ಇರುತ್ತವೆ.

ಮನೆಯವರು ಮೂಲತಃ ಹಳೇ ಬಾಗಲಕೋಟೆಯ ನೇಕಾರರು. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಿದಾಗ ಘಟಪ್ರಭಾ ದಂಡೆಯ ಎಷ್ಟು ಓಣಿಗಳು ಹಿನ್ನೀರಿಗೆ ಹೋದವು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಇವರ ಮನೆಯೂ ಹೋಯಿತು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಚಿತ್ರದ ಕಟ್ಟಿಗೆ ಚೌಕಟ್ಟು ಮುರಿದು ಒಲೆಗೆ ಹೋಯಿತು. ಬಟ್ಟೆಯನ್ನು ಯಾರೋ ಸುರುಳಿ ಸುತ್ತಿ ಕೌದಿಯೊಳಗೆ ತುರುಕಿದರು, ಆಮೇಲೆ ಮರೆತರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದು ಕಳೆದೇ ಹೋಗಿದೆ ಅಂತ ಎಲ್ಲರೂ ನಂಬಿದ್ದರು. ಯಾರೋ ಒಯ್ದಿದ್ದಾರೆ ಅಂತ ಬೀಗರ ನಡುವೆ ಮಾತೂ ಬೆಳೆದಿತ್ತಂತೆ. ಮದುವೆಗೆ ಹಳೇ ರೇಷ್ಮೆ ಸೀರೆ ಹುಡುಕಲು ಟ್ರಂಕ್ ಬರಿದು ಮಾಡಿದಾಗ ಕೌದಿಯ ಮಡಿಕೆಯಿಂದ ಸುರುಳಿ ಬಿತ್ತು.

ಚಿತ್ರದಲ್ಲಿರುವುದು ಮನೆ ಯಜಮಾನರ ದೊಡ್ಡ ಸೋದರತ್ತೆ, ಹದಿನೇಳು ಹದಿನೆಂಟರ ಹುಡುಗಿಯಾಗಿದ್ದಾಗ. ಅಂದಾಜು ಎಂಬತ್ತು ವರ್ಷದ ಹಿಂದಿನ ಮಾತು. ಮನೆಯಲ್ಲಿ ನಡೆದುಬಂದ ಕಥೆ ಹೀಗೆ: ಚಿತ್ರ ನಡೆಯುತ್ತಿರುವಾಗಲೇ ಹುಡುಗಿ ಜ್ವರ ಬಂದು ತೀರಿಕೊಂಡಳು, ಚಿತ್ರಗಾರ ಕುಂಚ ಕೆಳಗಿಟ್ಟು ಹೋದ. ಕೇಳಿದರೆ ಎದೆ ಭಾರವಾಗುವ ಕಥೆ. ನಾನೂ ನಂಬಿದೆ.

ಸುರುಳಿ ನನ್ನ ಮೇಜಿಗೆ ಬಂದಾಗ ಲಟ್ಟಣಿಗೆಗಿಂತ ಸ್ವಲ್ಪ ದಪ್ಪ ಇತ್ತು, ಅಷ್ಟೇ. ಬಣ್ಣದ ಮುಖ ಒಳಗೆ. ಸುರುಳಿ ಸುತ್ತಲೇಬೇಕಾದರೆ ಬಣ್ಣ ಹೊರಗೆ ಬರಬೇಕು, ಅದೂ ದಪ್ಪ ಕೊಳವೆಯ ಮೇಲೆ. ಆಗ ಬಿರುಕು ಬಿಟ್ಟರೂ ಬಿಡಿಸಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಒಳಗೆ ಸುತ್ತಿದರೆ ಬಣ್ಣದ ಪದರ ಒಂದಕ್ಕೊಂದು ಒತ್ತಿ ಎದ್ದು ನಿಲ್ಲುತ್ತದೆ, ಬಿಡಿಸಿದಾಗ ಉದುರುತ್ತದೆ. ಬಾಗಲಕೋಟೆಯ ಬ್ಯಾಸಿಗೆ, ಬಟ್ಟೆ ಹಪ್ಪಳದಂತೆ ಗರಿಗರಿ ಆಗಿತ್ತು. ಬೆಂಗಳೂರಿನಲ್ಲಿ ಇಂಟ್ಯಾಕ್‌ನವರ ಕಲಾ ಸಂರಕ್ಷಣಾ ಕೇಂದ್ರ ಇದೆ, ಅಂಥ ಕೆಲಸ ಕಲಿತ ಒಬ್ಬರ ಪರಿಚಯ ನನಗಿತ್ತು. ಫೋನ್ ಮಾಡಿದೆ. ಅವರು ಹೇಳಿದ್ದು ಸರಳ: ಅವಸರ ಮಾಡಬೇಡಿ, ನೀರು ತಾಗಿಸಬೇಡಿ, ಕೋಣೆಯಲ್ಲಿ ತೇವ ಇರಲಿ, ದಿನಕ್ಕೆ ನಾಲ್ಕು ಬೆರಳಷ್ಟು ಬಿಡಿಸಿ.

ಹಾಗೇ ಮಾಡಿದೆ. ಮೂಲೆಯಲ್ಲಿ ನೀರಿನ ಬಕೆಟ್ ಇಟ್ಟು ಬಾಗಿಲು ಹಾಕಿ, ಬಿಡಿಸಿದಷ್ಟು ಭಾಗಕ್ಕೆ ಬ್ಲಾಟಿಂಗ್ ಪೇಪರ್ ಹಾಸಿ, ಮರಳು ತುಂಬಿದ ಚಿಕ್ಕ ಚೀಲ ಹೇರಿದೆ. ಎಂಟು ದಿನ ಹಿಡಿಯಿತು.

ಆದರೆ ಎರಡನೇ ದಿನ ನಾನೊಂದು ತಪ್ಪು ಮಾಡಿದೆ. ಹಿಂಬದಿಯ ಮೂಲೆಯಲ್ಲಿ ಧೂಳು ಕಂಡಿತು. ಹಿಂಬದಿ ತಾನೇ ಅಂತ ಒದ್ದೆ ಹತ್ತಿಯಿಂದ ಒರೆಸಿದೆ. ಹತ್ತಿ ಹಸಿರಾಯಿತು. ಒರೆಸಿದ್ದು ಧೂಳಲ್ಲ, ಬಣ್ಣ. ಬೆರಳಗಲ ಜಾಗದಲ್ಲಿ ಒಂದು ಎಲೆ ಪೂರ್ತಿ ಅಳಿಸಿಹೋಯಿತು. ಆ ಹತ್ತಿಯನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ, ಮನೆಯವರಿಗೂ ತೋರಿಸಿ ಹೇಳಿದೆ. ಕೆಟ್ಟದ್ದನ್ನು ಮುಚ್ಚಿಟ್ಟರೆ ಮುಂದೆ ಈ ಚಿತ್ರ ನೋಡುವವರಿಗೆ ಆ ಖಾಲಿ ಜಾಗ ಏನು ಅಂತ ತಿಳಿಯುವುದೇ ಇಲ್ಲ.

ಹಿಂಬದಿಯಲ್ಲಿ ಇನ್ನೊಂದು ಚಿತ್ರ ಇದೆ ಅಂತ ಗೊತ್ತಾಗಿದ್ದು ಹಾಗೆ.

ಪೂರ್ತಿ ಬಿಡಿಸಿದಾಗ ಅಳತೆ 22 ಇಂಚು ಅಗಲ, 30 ಇಂಚು ಎತ್ತರ. ಬಟ್ಟೆ ಅಂಗಡಿಯ ಕ್ಯಾನ್ವಾಸ್ ಅಲ್ಲ, ದಪ್ಪ ಮಾದರಪಾಟ. ಹಿಂದೆ ಕಾಡಿನ ಒಂದು ತುಂಡು: ಅಂಗೈಯಗಲದ ಎಲೆಗಳು, ಒಂದೊಂದು ಎಲೆಗೂ ಒಂದೇ ಎಳೆತ, ಹತ್ತಿರದಿಂದ ನೋಡಿದರೆ ಬರೀ ಹಸಿರು ಬಡಿತ, ಹತ್ತು ಹೆಜ್ಜೆ ಹಿಂದೆ ಸರಿದರೆ ದಟ್ಟ ಪೊದೆ. ಸರೇಸು ಅನ್ನುವ ಅಂಟಿನಲ್ಲಿ ಕಲಸಿದ ಪುಡಿ ಬಣ್ಣ, ಅದಕ್ಕೇ ನೀರಿಗೆ ಬಿಟ್ಟಿತು. ಮೇಲಂಚಿನಲ್ಲಿ ಅಗಲವಾದ ಮಡಿಕೆ ಹೊಲಿಗೆ, ಬಿದಿರಿನ ಗಳ ತೂರಿಸುವಷ್ಟು. ನಾನು ಚಿಕ್ಕವನಿದ್ದಾಗ ಬಾದಾಮಿ ಬನಶಂಕರಿ ಜಾತ್ರೆಗೆ ಅಪ್ಪನ ಜೊತೆ ಹೋಗಿ ರಾತ್ರಿಯಿಡೀ ನಾಟಕ ನೋಡಿದವನು. ರಸ್ತೆ ಸೀನು, ದರ್ಬಾರ್ ಸೀನು, ಕಾಡಿನ ಸೀನು, ಒಂದರ ಹಿಂದೆ ಒಂದು ಪರದೆ ಬಿದ್ದು ಏಳುವುದು ಕಣ್ಣಿಗೆ ಕಟ್ಟಿದ ಹಾಗಿದೆ. ಇದು ಕಾಡಿನ ಸೀನಿನ ಪರದೆ. ಹಳೆಯದಾದ ಮೇಲೆ ಕತ್ತರಿಸಿದ ತುಂಡು. ಅದರ ಖಾಲಿ ಮಗ್ಗುಲಿಗೆ ಸರೇಸು ಮತ್ತು ಬಿಳಿ ಪುಡಿಯ ಅಸ್ತರು ಬಳಿದು, ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಹುಡುಗಿಯ ಮುಖ ಬರೆದಿದ್ದಾರೆ.

ಅಂದರೆ ಚಿತ್ರಗಾರ ನಾಟಕ ಕಂಪನಿಯ ಪರದೆ ಬರೆಯುವವನು. ಇದನ್ನು ಹೇಳಿದಾಗ ಯಜಮಾನರ ಅಣ್ಣನ ಮಗನಿಗೆ ಸ್ವಲ್ಪ ನಿರಾಸೆಯಾಯಿತು. ಅವನು ಮೊಬೈಲ್‌ನಲ್ಲಿ ಹುಡುಕಿ, ಬೆಳಗಾವಿಯ ಕೆ. ಬಿ. ಕುಲಕರ್ಣಿ ಇರಬಹುದಾ, ಧಾರವಾಡದ ಡಿ. ವಿ. ಹಾಲಭಾವಿ ಇರಬಹುದಾ ಅಂತ ಕೇಳಿದ್ದ. ಸಹಿ ಎಲ್ಲಿ ಅಂದ. ಸಹಿ ಇಲ್ಲ. ಇರೋದಾದರೂ ಹೇಗೆ? ಸಹಿ ಹಾಕುವುದು ಎಲ್ಲ ಮುಗಿದ ಮೇಲೆ. ಮೇಲೆ ವಾರ್ನಿಷ್ ಕೂಡ ಇಲ್ಲ. ನಕಲಿ ನೋಟು ನೋಡುವ ನೇರಳೆ ಲೈಟನ್ನು ಪರಿಚಯದ ಅಂಗಡಿಯಿಂದ ತಂದು ಕತ್ತಲಲ್ಲಿ ಹಿಡಿದು ನೋಡಿದೆ. ಹಳೇ ವಾರ್ನಿಷ್ ಇದ್ದಿದ್ದರೆ ಮೈತುಂಬ ಹಸಿರು ಮಬ್ಬು ಹೊಳೆಯಬೇಕಿತ್ತು. ಹೊಳೆದದ್ದು ಎರಡು ಕಣ್ಣಿನ ಬಿಳಿ ಮತ್ತು ಮೂಗಿನ ತುದಿ ಮಾತ್ರ, ಹಳದಿ ಹಸಿರಾಗಿ. ಅದು ಝಿಂಕ್ ವೈಟ್‌ನ ಗುಣ. ಕತ್ತಲಲ್ಲಿ ಬರೀ ಎರಡು ಕಣ್ಣು ನನ್ನನ್ನೇ ನೋಡಿದ ಹಾಗಾಗಿ ಒಂದು ಕ್ಷಣ ಲೈಟು ಆರಿಸಿಬಿಟ್ಟೆ.

ಪರದೆ ಬರೆಯುವವನು ಅಂದರೆ ಕಮ್ಮಿ ಅಂತಲ್ಲ. ಮುಖ ನೋಡಿದರೆ ಗೊತ್ತಾಗುತ್ತದೆ, ಇವನು ಸರಿಯಾಗಿ ಕಲಿತವನು. 1956ರವರೆಗೆ ನಮ್ಮ ಭಾಗ ಮುಂಬೈ ಆಡಳಿತಕ್ಕೆ ಸೇರಿತ್ತು. ಡ್ರಾಯಿಂಗ್ ಪರೀಕ್ಷೆ ಆ ಕಡೆಯದು, 1857ರಲ್ಲಿ ಶುರುವಾದ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನ ಪದ್ಧತಿ ಸಣ್ಣ ಊರಿನ ಪೇಂಟರ್‌ವರೆಗೂ ಇಳಿದು ಬಂದಿತ್ತು. ಮೊದಲು ಇದ್ದಿಲಿನ ಗೆರೆ, ಆಮೇಲೆ ತೆಳು ಕಂದು ಬಣ್ಣದಲ್ಲಿ ನೆರಳು ಬೆಳಕಿನ ವಿಂಗಡಣೆ, ಅದರ ಮೇಲೆ ಬಣ್ಣ. ಇವನೂ ಹಾಗೇ ಮಾಡಿದ್ದಾನೆ. ಮುಖ, ಕುತ್ತಿಗೆ, ಒಂದು ಕಿವಿಯ ಬುಗುಡಿ, ಇಷ್ಟು ಪೂರ್ತಿ. ಕುಪ್ಪಸಕ್ಕೆ ಗುಳೇದಗುಡ್ಡ ಖಣದ ಬುಟ್ಟಿ ಚುಕ್ಕೆ ಹಾಕಲು ಶುರು ಮಾಡಿ ಒಂದು ತೋಳಿಗೇ ಬಿಟ್ಟಿದ್ದಾನೆ. ಸೀರೆ ಬರೀ ಇದ್ದಿಲಿನ ಗೆರೆ. ಸೆರಗಿನಲ್ಲಿ ಇಳಕಲ್ ಸೀರೆಯ ತೋಪು ತೆನೆ ಸಾಲನ್ನು ಗೆರೆಯಲ್ಲೇ ಎಣಿಸಿ ಇಟ್ಟಿದ್ದಾನೆ, ಬಣ್ಣ ಇಲ್ಲ. ಎಡಗೈ ಎದೆಯ ಮಟ್ಟಕ್ಕೆ ಎತ್ತಿದೆ, ಅದೂ ಗೆರೆ ಮತ್ತು ಕಂದು ಮಬ್ಬು ಮಾತ್ರ. ಕೊರಳಲ್ಲಿ ತಾಳಿ ಇದೆ ಅಂತ ಮನೆಯವರು ಹೇಳಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಅದು ಬೋರಮಾಳ ಅನ್ನುವ ಸರದ ಗುಂಡು.

ಇನ್ನು ಬೆಳಕಿನ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನ್ನ ಕಣ್ಣು ತೆರೆಸಿದ್ದೇ ಇದು.

ಫೋಟೋ ನೋಡಿ ಬರೆದ ಭಾವಚಿತ್ರಗಳಲ್ಲಿ ಸಾಮಾನ್ಯವಾಗಿ ಚೌಕುಳಿ ಗೆರೆ ಸಿಗುತ್ತದೆ. ಫೋಟೋ ಮೇಲೆ ಚೌಕ ಹಾಕಿ, ಬಟ್ಟೆ ಮೇಲೆ ದೊಡ್ಡ ಚೌಕ ಹಾಕಿ ಹಿಗ್ಗಿಸುವ ಪದ್ಧತಿ, ನಾವೆಲ್ಲ ಮಾಡ್ತೀವಿ. ಇಲ್ಲಿ ಚೌಕವೇ ಇಲ್ಲ. ಗೆರೆಗಳು ಹುಡುಕಿಕೊಂಡು ಹೋಗಿವೆ, ಒಂದು ಭುಜಕ್ಕೆ ಮೂರು ಗೆರೆ. ಎದುರಿಗೆ ಕೂರಿಸಿಯೇ ಬರೆದದ್ದು. ಹಾಗಾದರೆ ಎಲ್ಲಿ ಕೂರಿಸಿ? ಕಣ್ಣಿನ ಹೊಳಪನ್ನು ನೋಡಿ. ಕಿಟಕಿ ಪಕ್ಕ ಕೂತರೆ ಹೊಳಪು ಕಣ್ಣಿನ ಪಕ್ಕಕ್ಕೆ ಬೀಳುತ್ತದೆ. ಇಲ್ಲಿ ಎರಡೂ ಕಣ್ಣಿನಲ್ಲಿ ಹೊಳಪು ರೆಪ್ಪೆಗೆ ಅಂಟಿಕೊಂಡಂತೆ ತುಂಬ ಮೇಲಿದೆ, ಸಾಸಿವೆಯಷ್ಟು ಒಂದು ಚೌಕ ಚುಕ್ಕೆ. ಮೂಗಿನ ನೆರಳು ಪಕ್ಕಕ್ಕೆ ಹೋಗದೆ ನೇರ ತುಟಿಯ ಮೇಲೆ ಬಿದ್ದಿದೆ. ಗಲ್ಲದ ಕೆಳಗೆ ದಟ್ಟ ನೆರಳು. ಬೆಳಕು ತಲೆಯ ಮೇಲಿನಿಂದ, ಒಂದು ಸಣ್ಣ ಚೌಕ ಕಂಡಿಯಿಂದ ಬಂದಿದೆ. ನಮ್ಮ ಮಣ್ಣಿನ ಮಾಳಿಗೆ ಮನೆಗಳಲ್ಲಿ ಅಂಥದ್ದು ಒಂದೇ: ಬೆಳಕಿಂಡಿ.

ಯಜಮಾನರ ಹತ್ತಿರ ಮುಳುಗಡೆ ಪರಿಹಾರದ ಕಾಲದ ಪಂಚನಾಮೆಯ ನಕಲು ಇತ್ತು. ಗೋಡೆ ಎಷ್ಟು ಅಡಿ, ತೊಲೆ ಎಷ್ಟು, ಬಾಗಿಲು ಎಷ್ಟು, ಕಿಟಕಿ ಎರಡು, ಎರಡೂ ಓಣಿಯ ಕಡೆ. ಪಡಸಾಲೆಗೆ ಕಿಟಕಿ ಇಲ್ಲ. ಬೆಳಕಿಂಡಿ ಆ ಪಟ್ಟಿಯಲ್ಲೇ ಇಲ್ಲ. ಇರೋದೂ ಇಲ್ಲ ಬಿಡಿ, ತೂತಿಗೆ ಯಾರು ಲೆಕ್ಕ ಬರೀತಾರೆ. ಆದರೆ ಯಜಮಾನರು ಕಣ್ಣು ಮುಚ್ಚಿ ನೆನಪಿಸಿಕೊಂಡರು: ಪಡಸಾಲೆ ನಡುವೆ ಬೆಳಕಿಂಡಿ ಇತ್ತು, ಮಳೆ ಬಂದರೆ ಮೇಲೆ ಹತ್ತಿ ಕಲ್ಲು ಮುಚ್ಚುವುದು ಅವರದೇ ಕೆಲಸ ಆಗಿತ್ತು. ಮನೆ ಈಗ ನೀರೊಳಗಿದೆ. ಆ ಮನೆಯ ಒಳಗಿನ ಬೆಳಕು ಹೇಗಿತ್ತು ಅಂತ ತೋರಿಸುವ ಒಂದೇ ಒಂದು ವಸ್ತು ಈ ಬಟ್ಟೆಯ ಮೇಲಿರುವ ಮುಖ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎದ್ದು ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು, "ಇನ್ನೊಮ್ಮೆ ಹೇಳ್ರಿ ಸರ್" ಅಂದರು.

ಗಲ್ಲದ ಕೆಳಗಿನ ನೆರಳಿನಲ್ಲಿ ನನಗೆ ಇನ್ನೊಂದು ಕಂಡಿತು. ನೆರಳು ಅಂದರೆ ಕಂದು ಇರಬೇಕು. ಇಲ್ಲಿ ಕಂದಿನ ಮೇಲೆ ತೆಳುವಾಗಿ ಹಸಿರು ಇದೆ. ಮೊದಲು ಹಿಂದಿನ ಪರದೆಯ ಹಸಿರು ಇಂಗಿ ಬಂದಿರಬೇಕು ಅಂದುಕೊಂಡೆ. ಅಲ್ಲ, ಅದು ಕುಂಚದ ಗುರುತಿನ ಜೊತೆಗೇ ಇದೆ, ಬೇಕಂತ ಹಚ್ಚಿದ್ದು. ಯಾಕೆ ಹಚ್ಚಿದ? ಒಂದು ಮಧ್ಯಾಹ್ನ ನನ್ನ ಮಗಳನ್ನು ನಮ್ಮ ಮೆಟ್ಟಿಲ ಕೋಣೆಯಲ್ಲಿ, ಮೇಲಿನ ಗಾಜಿನಿಂದ ಬೆಳಕು ಬೀಳುವಲ್ಲಿ ಕೂರಿಸಿದೆ. ತೊಡೆಯ ಮೇಲೆ ಕೆಂಪು ದುಪ್ಪಟ್ಟಾ ಹಾಕಿದರೆ ಗಲ್ಲದ ಕೆಳಗೆ ಕೆಂಪು ಏರಿತು. ಹಸಿರು ಹಾಕಿದರೆ ಹಸಿರು. ಬೆಳಕು ಮಡಿಲಿಗೆ ಬಿದ್ದು ಅಲ್ಲಿಂದ ಎಗರಿ ಗಲ್ಲಕ್ಕೆ ಹತ್ತುತ್ತದೆ, ಬರುವಾಗ ಬಟ್ಟೆಯ ಬಣ್ಣ ಹೊತ್ತು ತರುತ್ತದೆ.

ಅಂದರೆ ಸೀರೆ ಹಸಿರು. ಸೀರೆಗೆ ಒಂದು ಹನಿ ಬಣ್ಣ ಹಾಕಿಲ್ಲ, ಆದರೂ ಅದರ ಬಣ್ಣ ಗಲ್ಲದ ಕೆಳಗೆ ಬರೆದಿಟ್ಟಿದ್ದಾನೆ. ಮನೆಯವರು ನನಗೆ ಹೇಳಿದ್ದು ಏನು ಗೊತ್ತಾ? "ದಾಳಿಂಬ್ರಿ ಕೆಂಪು ಹಚ್ಚ್ರಿ ಸರ್, ಲಗ್ನದ ಮನಿ, ಚಂದ ಕಾಣತೈತಿ."

ಇಲ್ಲಿಗೆ ನನ್ನ ಕೈ ನಿಂತಿತು. ಮುಂಗಡ ತೆಗೆದುಕೊಂಡಿದ್ದೇನೆ, ಮದುವೆ ಹತ್ತಿರ ಬರ್ತಾ ಇದೆ, ಆದರೆ ಕುಂಚ ಹಿಡಿಯೋಕೆ ಮನಸ್ಸಿಲ್ಲ. ಒಂದು ಕೈ ಅಷ್ಟೇ ಉಳಿದಿದೆ ಅಂತ ಅವರು ಹೇಳಿದ್ದರು, ನಾನೂ ಹಾಗೇ ಎಣಿಸಿದ್ದೆ. ಆದರೆ ಅಲ್ಲಿ ಉಳಿದದ್ದು ಕೆಲಸ ಅಲ್ಲ, ಸುದ್ದಿ. ನಾನು ಬಣ್ಣ ಬಳಿದರೆ ಅದು ಮುಚ್ಚಿಹೋಗುತ್ತದೆ.

ಕೈಯನ್ನು ಆಗ ಸರಿಯಾಗಿ ನೋಡಿದೆ. ಟಾರ್ಚನ್ನು ಬಟ್ಟೆಗೆ ಅಡ್ಡ ಹಿಡಿದು, ಭೂತಗನ್ನಡಿಯಲ್ಲಿ. ಅಲ್ಲಿ ಒಂದು ಕೈ ಅಲ್ಲ, ಎರಡು ಕೈ ಇವೆ. ಮೊದಲು ಬರೆದ ಕೈಯಲ್ಲಿ ಬೆರಳುಗಳು ಮುಚ್ಚಿವೆ, ಮೇಲೆ ಒಂದು ಗುಂಡನೆಯ ಹೂವಿನ ಆಕಾರ. ಸ್ಟುಡಿಯೋ ಫೋಟೋಗಳಲ್ಲಿ ಹುಡುಗಿಯರ ಕೈಗೆ ಗುಲಾಬಿ ಕೊಡುತ್ತಿದ್ದರಲ್ಲ, ಹಾಗೆ. ಅದನ್ನು ಬಟ್ಟೆಯಿಂದ ಒರೆಸಿದ್ದಾನೆ, ಇದ್ದಿಲಿನ ಬೂದು ಇನ್ನೂ ಇದೆ. ಅದರ ಮೇಲೆ ಬೇರೆ ಕೈ: ಹೆಬ್ಬೆರಳು ತೋರುಬೆರಳು ತುದಿಗೆ ತುದಿ ಹತ್ತಿರ, ಆದರೆ ಒತ್ತಿಲ್ಲ. ನಡುಬೆರಳು ಸ್ವಲ್ಪ ಕೆಳಗೆ. ಉಳಿದೆರಡು ಒಳಗೆ ಮಡಚಿವೆ. ಬೆರಳ ಸಂದಿಯಲ್ಲಿ ಏನೂ ಇಲ್ಲ. ಚಿತ್ರದ ಅಂಚಿನಲ್ಲಿ, ಕೆಳಗೆ, ಒಂದು ಕಮಾನು ಗೆರೆ. ಅದನ್ನು ನಾನು ಕುರ್ಚಿಯ ಬೆನ್ನು ಅಂದುಕೊಂಡಿದ್ದೆ.

ಇದೇನು ಹಿಡಿದ ಕೈ? ಚಿಮಟಿ ಕುಂಕುಮವಾ? ಜಪಮಣಿಯಾ? ನನಗೆ ತಿಳಿಯಲಿಲ್ಲ. ಹುಡುಗಿಯನ್ನು ಕಂಡ ಯಾರಾದರೂ ಇದ್ದಾರಾ ಅಂತ ಕೇಳಿದೆ. "ಸಣ್ಣತ್ತಿ ಅದಾರ್ರಿ, ಗುಳೇದಗುಡ್ಡದಾಗ ಮಗಳ ಮನ್ಯಾಗ. ಆದ್ರ ಎಂಬತ್ತೆಂಟು ವರ್ಷ, ಕಿವಿ ಮಂದ" ಅಂದರು. ಹುಡುಗಿಯ ಸ್ವಂತ ತಂಗಿ! ಚಿತ್ರದ ಬಗ್ಗೆ ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ. ಕಥೆ ಹೇಳುತ್ತಿದ್ದವರೆಲ್ಲ ಆಮೇಲೆ ಹುಟ್ಟಿದ ಗಂಡಸರು.

ಚಿತ್ರವನ್ನು ಬಸ್ಸಿನಲ್ಲಿ ಒಯ್ಯುವ ಹಾಗಿರಲಿಲ್ಲ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಒಂದು ಭಾನುವಾರ ಹೋದೆ. ಓಣಿಯಲ್ಲಿ ಖಣದ ಮಗ್ಗದ ಸದ್ದು. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು, ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ನೋಟ ಚೆನ್ನಾಗಿತ್ತು. ಪ್ರಿಂಟನ್ನು ಮಡಿಲಲ್ಲಿ ಇಟ್ಟೆ. ಮುಖದ ಮೇಲೆ ಒಮ್ಮೆ ಕೈ ಆಡಿಸಿದರು, ಏನೂ ಹೇಳಲಿಲ್ಲ. ಆಮೇಲೆ ಬೆರಳು ಸೀದಾ ಆ ಕೈಗೆ ಹೋಯಿತು.

"ಇದು ನೂಲು ಹಿಡದ ಕೈ, ತಮ್ಮಾ."

ಅವರ ಕಿವಿಗೆ ಬಾಯಿ ಹಚ್ಚಿ, ಮೊದಲು ಹೂವು ಬರೆದಿದ್ದಾರಲ್ಲ ಅಂತ ಕೇಳಿದೆ.

"ಹೂವಂತ! ಅಕಿ ಕೈಯಾಗ ಹೂವು ಯಾವಾಗಿತ್ತು? ಕಂಡಿಕಿ ಸುತ್ತಕೋತ ಕುಂದರಾಕಿ. ಹೂವು ಹಿಡದು ಕುಂಡ್ರು ಅಂದ ಆ ಚಿತ್ರಗಾರ. ಎರಡು ದಿನ ಕುಂತಳು. ಆಮ್ಯಾಲ, ನನಗ ಕೆಲಸ ಐತಿ, ಬೇಕಂದ್ರ ಕೆಲಸ ಮಾಡುವಾಗ ತಗೀ, ಇಲ್ಲಂದ್ರ ಬಿಡು ಅಂದ್ಲು."

ಕಮಾನು ಗೆರೆ ತೋರಿಸಿದೆ. "ರಾಟಿ" ಅಂದರು, ಅಷ್ಟು ತಿಳಿಯಲ್ವಾ ಅನ್ನುವ ಹಾಗೆ ನನ್ನ ಮುಖ ನೋಡಿ. ಬಲಗೈ ರಾಟಿ ತಿರುಗಿಸುತ್ತಿತ್ತು, ಎಡಗೈ ಲಡಿಯಿಂದ ಬರುವ ನೂಲನ್ನು ಕಂಡಿಕೆಗೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಕೊಳವೆಗೆ, ಹಾಯಿಸುತ್ತಿತ್ತು. ಸೀರೆ? "ಗಿಣಿ ಹಸರು. ನಮ್ಮವ್ವಂದು. ಆವತ್ತಿಗೇ ಅಂತ ಉಟ್ಟಿದ್ಲು, ಕೆಲಸ ಮಾಡುವಾಗ ಹೊಲಸಾಗತೈತಿ ಅಂತ ಅವ್ವ ಬೈದ್ಲು." ಬೆಳಕಿಂಡಿ? ಮಧ್ಯಾಹ್ನ ಬಿಸಿಲು ಕಂಬದ ಹಾಗೆ ಇಳಿದು ಅಕ್ಕನ ಮಡಿಲಿಗೆ ಬಂದಾಗ ಮಾತ್ರ ಅವನು ಚಿತ್ರ ತೆಗೆಯುತ್ತಿದ್ದ, ಬಿಸಿಲು ಸರಿದರೆ ಎದ್ದು ಕಂಪನಿಗೆ ಹೋಗುತ್ತಿದ್ದ. ಎಂಟ್ಹತ್ತು ದಿನ ಬಂದಿರಬೇಕು. ಅಪ್ಪ ಅವನಿಗೆ ಕೊಟ್ಟದ್ದು ಊಟ ಮತ್ತು ಒಂದು ಜೋಡಿ ಧೋತರ.

ಹಾಗಾದರೆ ಜ್ವರ? ಸಾವು? ಅಜ್ಜಿ ತಲೆ ಅಲ್ಲಾಡಿಸಿದರು. ಚಿತ್ರ ನಿಂತದ್ದು ಅಕ್ಕ ತೀರಿಕೊಂಡದ್ದಕ್ಕಲ್ಲ. ಮಳೆಗಾಲ ಹಿಡಿಯಿತು, ಕಂಪನಿ ಮೊಕ್ಕಾಂ ಎತ್ತಿತು, ಮುಂದಿನ ವರ್ಷ ಬಂದು ಮುಗಿಸುತ್ತೇನೆ ಅಂತ ಹೇಳಿ ಚಿತ್ರಗಾರ ಅವರ ಜೊತೆ ಹೋದ. ಬರಲಿಲ್ಲ. ಅಕ್ಕನ ಮದುವೆಯಾಯಿತು, ಇಳಕಲ್‌ಗೆ ಹೋದಳು, ಮೂರನೇ ವರ್ಷ ಬಾಣಂತನದಲ್ಲಿ ತೀರಿಕೊಂಡಳು. ಆ ಮೂರು ವರ್ಷ ಅವಳು ತವರಿಗೆ ಬಂದಾಗೆಲ್ಲ ಗೋಡೆಯ ಮೇಲಿನ ತನ್ನ ಚಿತ್ರ ನೋಡಿ, "ನನ್ನ ಕೈ ಯಾವಾಗ ಬರತೈತೋ" ಅನ್ನುತ್ತಿದ್ದಳಂತೆ. ಇದನ್ನು ಹೇಳುವಾಗ ಅಜ್ಜಿ ನಕ್ಕರು. ನನಗೆ ನಗಲಾಗಲಿಲ್ಲ.

ವಾಪಸ್ ಬಂದು ಮನೆಯವರನ್ನೆಲ್ಲ ಕೂರಿಸಿ ಹೇಳಿದೆ. ಈ ಚಿತ್ರದ ಮೇಲೆ ನಾನು ಕುಂಚ ಇಡುವುದಿಲ್ಲ, ಮುಂಗಡ ವಾಪಸ್ ಕೊಡುತ್ತೇನೆ ಅಂದೆ. ಅಣ್ಣನ ಮಗ ಒಪ್ಪಲಿಲ್ಲ. ಅವನ ಮಾತಿನಲ್ಲೂ ನ್ಯಾಯ ಇತ್ತು: "ಅಕಿಗೇ ಕೈ ಬೇಕಾಗಿತ್ತಲ್ರಿ ಸರ್, ಅಜ್ಜಿನೇ ಹೇಳ್ಯಾಳ. ಮತ್ತ ನೀವ್ಯಾಕ ಬ್ಯಾಡ ಅಂತೀರಿ?" ಉತ್ತರ ಕೊಡುವುದು ಕಷ್ಟವಾಯಿತು. ಆಮೇಲೆ ಬಾದಾಮಿಯ ಮಾತು ತೆಗೆದೆ. ನಮ್ಮ ಜಿಲ್ಲೆಯದೇ, ಎಲ್ಲರೂ ನೋಡಿದ ಜಾಗ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ 578ರ ಶಾಸನ ಇದೆ, ಮೇಲೆ ಸೂರಿನಂಚಿನಲ್ಲಿ ಬಣ್ಣದ ಚಿತ್ರಗಳ ಚೂರು ಉಳಿದಿವೆ. ಅರ್ಧ ಮುಖ, ಒಂದು ತೋಳು, ಅಷ್ಟೇ. ಚೆನ್ನಾಗಿ ಬರೆಯುವ ಕಲಾವಿದ ಏಣಿ ಹಾಕಿ ಹತ್ತಿ ಉಳಿದದ್ದನ್ನು ಪೂರ್ತಿ ಮಾಡ್ತೀನಿ ಅಂದರೆ ಬಿಡ್ತೀವಾ? ಅವನು ಎಷ್ಟೇ ಚೆನ್ನಾಗಿ ಬರೆದರೂ ಆಮೇಲೆ ಯಾವುದು ಅವರದು, ಯಾವುದು ಇವನದು ಅಂತ ಹೇಳೋರು ಯಾರು? ನಿಮ್ಮ ಅತ್ತೆ ಕೇಳಿದ್ದು ಆ ಚಿತ್ರಗಾರ ಬರೆಯುವ ಕೈ. ನಾನು ಅವಳನ್ನು ಕಂಡವನಲ್ಲ. ನಾನು ಬರೆದರೆ ಅದು ಬೇರೆ ಯಾರದೋ ಕೈ.

ಅವನು ಸುಮ್ಮನಾದ, ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. ತೀರ್ಮಾನ ಮಾಡಿದ್ದು ಯಜಮಾನರ ಹೆಂಡತಿ. "ಮುಟ್ಟಬ್ಯಾಡ್ರಿ. ಆ ಗೆರೀನ ಆ ಮನೀ ಗುರ್ತು" ಅಂದರು.

ಮೂಲ ಚಿತ್ರಕ್ಕೆ ಮಾಡಿದ್ದು ಇಷ್ಟು. ಎದ್ದ ಬಣ್ಣದ ಚಕ್ಕೆಗಳನ್ನು ಬೆಂಗಳೂರಿನ ಆ ಪರಿಚಯದವರು ಒಂದು ರಜೆಯಲ್ಲಿ ಬಂದು ಕೂರಿಸಿಕೊಟ್ಟರು, ಅದನ್ನು ನಾನು ಮಾಡಲಿಲ್ಲ. ಉದುರಿದ ಜಾಗಕ್ಕೆ ಬಣ್ಣ ತುಂಬಿಲ್ಲ. ಆಳವಾದ ಪೆಟ್ಟಿಗೆ ಫ್ರೇಮ್, ಮುಂದೆ ಅಕ್ರಿಲಿಕ್ ಹಾಳೆ, ಅದು ಬಣ್ಣಕ್ಕೆ ತಾಗದ ಹಾಗೆ ನಡುವೆ ಪಟ್ಟಿ. ಹಿಂದೆಯೂ ಪಾರದರ್ಶಕ ಹಾಳೆ, ಕಾಡಿನ ಸೀನು ಕಾಣಬೇಕಲ್ಲ. ಅಡುಗೆಮನೆಯ ಹೊಗೆ ಬಾರದ, ಬಿಸಿಲು ಬೀಳದ ಒಳಗೋಡೆಗೆ ಹಾಕಿಸಿದೆ. ಎಣ್ಣೆ ಹಚ್ಚಬೇಡಿ, ಒದ್ದೆ ಬಟ್ಟೆ ಬೇಡ, ಆಲೂಗಡ್ಡೆ ತುಂಡಿನಿಂದ ತಿಕ್ಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ ಅಂತ ಮೂರು ಸಲ ಹೇಳಿ ಬಂದೆ.

ಮುಂಗಡ ವಾಪಸ್ ತೆಗೆದುಕೊಳ್ಳಲು ಅವರು ಒಪ್ಪದ ಕಾರಣ ಅದೇ ಹಣಕ್ಕೆ ಒಂದು ನಕಲು ಬರೆದುಕೊಟ್ಟೆ. ಹೊಸ ಕ್ಯಾನ್ವಾಸ್, ಅದೇ 22 ಮತ್ತು 30 ಇಂಚು, ಹಿಂದೆ ನನ್ನ ಸಹಿ, ತಾರೀಖು, ನಕಲು ಅನ್ನುವ ಮಾತು ದಪ್ಪ ಅಕ್ಷರದಲ್ಲಿ. ಅದರಲ್ಲಿ ಎಲ್ಲ ಪೂರ್ತಿ ಮಾಡಿದೆ: ಗಿಣಿ ಹಸಿರು ಸೀರೆ, ತೋಪು ತೆನೆ ಸೆರಗು, ರಾಟಿಯ ಅಂಚು, ಬೆರಳ ಸಂದಿಯಲ್ಲಿ ಒಂದು ಎಳೆ ನೂಲು. ಮದುವೆಯ ದಿನ ಹಾಲ್‌ನಲ್ಲಿ ಅದನ್ನು ಹಾಕಿದ್ದರು. ಗುಳೇದಗುಡ್ಡದ ಅಜ್ಜಿಯನ್ನೂ ಕರೆತಂದಿದ್ದರು.

ಅಜ್ಜಿ ನಕಲಿನ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದು ನನ್ನ ಎಡಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ಕೂರಿಸಿದರು. ತಮ್ಮ ಸೆರಗಿನ ಕುಚ್ಚಿನಿಂದ ಒಂದು ಎಳೆ ಎಳೆದು ನನ್ನ ನಡುಬೆರಳ ಕೆಳಗಿಂದ ತಂದು, ತೋರುಬೆರಳ ಮೇಲೆ ಹಾಯಿಸಿ, ಮೆಲ್ಲಗೆ ಜಗ್ಗಿದರು.

"ಹಿಂಗ. ನೀ ನಡುಬಳ್ಳಿನ ಮ್ಯಾಲಿಂದ ತಂದೀ. ಹಂಗ ತಂದ್ರ ನೂಲು ಹರೀತೈತಿ, ತಮ್ಮಾ."

ಮದುವೆ ಮುಗಿದ ಮೂರನೇ ದಿನ ನಕಲನ್ನು ಮನೆಗೆ ತಂದು ಆ ಎಳೆಯನ್ನು ಕೆರೆದು ಮತ್ತೆ ಬರೆದೆ.